ಎಸ್‌ಎಂಎನ್2 ಜೀನಿನ ಎಕ್ಸಾನ್ 7: ಎಷ್ಟು ಉಳಿಯಿತು, ಎಷ್ಟು ಬಿಟ್ಟುಹೋಯಿತು ಎಂದು ನಾನು ಅಳೆಯುವ ರೀತಿ

'16 ಕೋಟಿ ರೂಪಾಯಿಯ ಚುಚ್ಚುಮದ್ದು' ಎಂದು ಪತ್ರಿಕೆಗಳಲ್ಲಿ ಆಗಾಗ ಬರುವುದು ಎಸ್‌ಎಂಎ, ಅಂದರೆ ಬೆನ್ನುಹುರಿಯ ನರಕೋಶಗಳು ಸತ್ತು ಸ್ನಾಯುಗಳು ಕ್ಷೀಣಿಸುವ ಆನುವಂಶಿಕ ಕಾಯಿಲೆಯ ಔಷಧ. ಕಾಯಿಲೆಯ ಮೂಲ ಇರುವುದು 5ನೇ ಕ್ರೋಮೋಸೋಮಿನ ಎಸ್‌ಎಂಎನ್1 ಜೀನಿನಲ್ಲಿ. 294 ಅಮೈನೋ ಆಮ್ಲಗಳ ಎಸ್‌ಎಂಎನ್ ಪ್ರೋಟೀನ್, ಯು1, ಯು2, ಯು4, ಯು5 ಎಂಬ ಪುಟ್ಟ ಆರ್‌ಎನ್‌ಎಗಳ ಸುತ್ತ ಏಳು ಎಸ್‌ಎಂ ಪ್ರೋಟೀನುಗಳ ಉಂಗುರ ಕೂರಿಸಲು ನೆರವಾಗುತ್ತದೆ. ಆ ಉಂಗುರ ಕೂರದಿದ್ದರೆ ಎಂಆರ್‌ಎನ್‌ಎಯಿಂದ ಇಂಟ್ರಾನುಗಳನ್ನು (ನಡುವಿನ ಬೇಡದ ತುಣುಕುಗಳನ್ನು) ಕತ್ತರಿಸಿ ತೆಗೆಯುವ ಯಂತ್ರವೇ ಸಿದ್ಧವಾಗುವುದಿಲ್ಲ. ಇಂಥ ಜೀನಿನ ಅವಳಿಯಾದ ಎಸ್‌ಎಂಎನ್2 ಸ್ವತಃ ಈ ಕತ್ತರಿಸಿ ಜೋಡಿಸುವ ಕೆಲಸದಲ್ಲೇ, ಅಂದರೆ ಸ್ಪ್ಲೈಸಿಂಗ್‌ನಲ್ಲೇ, ಎಡವುತ್ತದೆ. ಎಂಆರ್‌ಎನ್‌ಎಯಲ್ಲಿ ಉಳಿಯಬೇಕಾದ ತುಣುಕುಗಳೇ ಎಕ್ಸಾನುಗಳು; ಅದರ ಎಕ್ಸಾನ್ 7ರ ಆರನೇ ಅಕ್ಷರ ಸಿ ಇದ್ದದ್ದು ಟಿ ಆಗಿದೆ. ಅಮೈನೋ ಆಮ್ಲ ಬದಲಾಗಿಲ್ಲ, ಆದರೆ 54 ಅಕ್ಷರಗಳ ಆ ಎಕ್ಸಾನ್ ಬಹುಪಾಲು ಪ್ರತಿಗಳಲ್ಲಿ ಬಿಟ್ಟುಹೋಗುತ್ತದೆ.

ನುಸಿನರ್ಸನ್, ರಿಸ್ಡಿಪ್ಲಾಮ್ ಎರಡೂ ಈ ಎಕ್ಸಾನನ್ನು ಉಳಿಸುವ ಔಷಧಗಳು. ಹಾಗಾಗಿ ಪ್ರಯೋಗಾಲಯದಲ್ಲಿ ಕೇಳುವ ಪ್ರಶ್ನೆ ಒಂದೇ: ನೂರು ಎಂಆರ್‌ಎನ್‌ಎಗಳಲ್ಲಿ ಎಷ್ಟರಲ್ಲಿ ಎಕ್ಸಾನ್ 7 ಇದೆ? ಆರ್‌ಟಿ-ಪಿಸಿಆರ್ ಮಾಡಿ (ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲಿಸಿ, ಆ ನಕಲನ್ನು ಸೈಕಲ್ ಸೈಕಲ್‌ಗೆ ಹೆಚ್ಚಿಸಿ), ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದರೆ ಎರಡು ಬ್ಯಾಂಡ್ ಬಂದೇ ಬರುತ್ತವೆ. ಆ ಬ್ಯಾಂಡುಗಳಿಂದ ತೆಗೆದ ಸಂಖ್ಯೆಯನ್ನು ನಂಬಬಹುದೇ ಎಂಬುದೇ ಕಷ್ಟದ ಭಾಗ.

ಜೀವಕೋಶಗಳಿಗೆ ಕೊರಿಯಲ್ ಸಂಗ್ರಹದ ಜಿಎಂ03813 ಫೈಬ್ರೋಬ್ಲಾಸ್ಟ್‌ಗಳು (ಎಸ್‌ಎಂಎ ಇದ್ದ ಮಗುವಿನ ಚರ್ಮದ ಕೋಶಗಳು) ಒಳ್ಳೆಯವು. ಅವುಗಳಲ್ಲಿ ಎಸ್‌ಎಂಎನ್1 ಇಲ್ಲ, ಎಸ್‌ಎಂಎನ್2 ಮಾತ್ರ ಇದೆ. ಅದೇ ಮಗುವಿನ ತಾಯಿಯ, ಅಂದರೆ ವಾಹಕಿಯ, ಕೋಶಗಳು ಜಿಎಂ03814 ಹೆಸರಿನಲ್ಲಿ ಸಿಗುತ್ತವೆ. ಎರಡನ್ನೂ ಜೊತೆಯಲ್ಲೇ ಬೆಳೆಸಿ. ಕೋಶಗಳು ತಟ್ಟೆಯ ಮುಕ್ಕಾಲು ಭಾಗ ತುಂಬಿದಾಗಲೇ ತೆಗೆಯಬೇಕು. ಆಕ್ಸಿಡೇಟಿವ್ ಒತ್ತಡಕ್ಕೆ ಸಿಕ್ಕ ಕೋಶಗಳಲ್ಲಿ ಎಕ್ಸಾನ್ 7 ಇನ್ನಷ್ಟು ಬಿಟ್ಟುಹೋಗುತ್ತದೆ. ಮೀಡಿಯಂ ಹಳದಿಗೆ ತಿರುಗಿದ ತಟ್ಟೆಯನ್ನೂ ಹೊಸ ತಟ್ಟೆಯನ್ನೂ ಹೋಲಿಸಿದರೆ ಔಷಧದ ಪರಿಣಾಮ ಯಾವುದು, ಒತ್ತಡದ ಪರಿಣಾಮ ಯಾವುದು ಎಂದು ತಿಳಿಯುವುದಿಲ್ಲ. ಔಷಧವನ್ನು ಡಿಎಂಎಸ್‌ಒನಲ್ಲಿ ಕರಗಿಸಿದ್ದರೆ ಹೋಲಿಕೆಯ ತಟ್ಟೆಗೂ ಅಷ್ಟೇ ಡಿಎಂಎಸ್‌ಒ ಹಾಕಿ. ನಾನು 0.1 ಶೇಕಡಾ ದಾಟಿಸುವುದಿಲ್ಲ.

ಆರ್‌ಎನ್‌ಎ ತೆಗೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ: ಆರು ಗುಳಿಯ ತಟ್ಟೆಯ ಒಂದು ಗುಳಿಗೆ 1 ಮಿಲಿ ಟ್ರೈಜಾಲ್, 0.2 ಮಿಲಿ ಕ್ಲೋರೋಫಾರ್ಮ್, 4 ಡಿಗ್ರಿಯಲ್ಲಿ 12,000 ಜಿ ವೇಗದಲ್ಲಿ 15 ನಿಮಿಷ. ಮೇಲಿನ ಪದರ ತೆಗೆಯುವಾಗ ಆಸೆ ಬೇಡ, ಕೊನೆಯ 50 ಮೈಕ್ರೋಲೀಟರ್ ಅಲ್ಲೇ ಬಿಡಿ. 260/230 ಅನುಪಾತ (260 ಮತ್ತು 230 ನ್ಯಾನೋಮೀಟರ್ ಬೆಳಕನ್ನು ಹೀರುವ ಪ್ರಮಾಣಗಳ ಅನುಪಾತ) 1.5ಕ್ಕಿಂತ ಕೆಳಗಿದ್ದರೆ ಗ್ವಾನಿಡಿನ್ ಉಪ್ಪು ಉಳಿದಿದೆ ಎಂದರ್ಥ. 75 ಶೇಕಡಾ ಎಥನಾಲಿನಲ್ಲಿ ಇನ್ನೊಮ್ಮೆ ತೊಳೆಯಿರಿ. 500 ನ್ಯಾನೋಗ್ರಾಂ ಆರ್‌ಎನ್‌ಎಗೆ ರ‍್ಯಾಂಡಮ್ ಹೆಕ್ಸಾಮರ್ ಹಾಕಿ 20 ಮೈಕ್ರೋಲೀಟರಿನಲ್ಲಿ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡುತ್ತೇನೆ. ಎಲ್ಲ ಮಾದರಿಗಳಿಗೂ ಒಂದೇ ತೂಕದ ಆರ್‌ಎನ್‌ಎ ಇರಲಿ.

ಪಿಸಿಆರ್ ನಕಲು ಶುರುವಾಗುವ ಪುಟ್ಟ ಡಿಎನ್‌ಎ ತುಣುಕೇ ಪ್ರೈಮರ್. ಮುಂದಿನ ಪ್ರೈಮರ್ ಎಕ್ಸಾನ್ 6ರಲ್ಲಿ, ಹಿಂದಿನದು ಎಕ್ಸಾನ್ 8ರಲ್ಲಿ. ನಡುವಿನ ಇಂಟ್ರಾನ್ 6 ಸುಮಾರು 6 ಸಾವಿರ ಅಕ್ಷರ ಉದ್ದ, ಹಾಗಾಗಿ ಉಳಿದ ಜೀನೋಮಿಕ್ ಡಿಎನ್‌ಎ ಬೆಳೆಯುವುದಿಲ್ಲ. ಮುಂದಿನ ಪ್ರೈಮರನ್ನು ಎಕ್ಸಾನ್ 7ರಲ್ಲಿ ಇಟ್ಟರೆ ಈ ರಕ್ಷಣೆ ಹೋಗುತ್ತದೆ. ಇಂಟ್ರಾನ್ 7 ಬರೀ 444 ಅಕ್ಷರ, ಅದು ಸಲೀಸಾಗಿ ಬೆಳೆದುಬಿಡುತ್ತದೆ. ನಾನು ಬಳಸುವ ಜೋಡಿಯಲ್ಲಿ ಪೂರ್ಣ ತುಣುಕು ಸುಮಾರು 504, ಎಕ್ಸಾನ್ 7 ಇಲ್ಲದ್ದು 450.

ಪಿಸಿಆರ್‌ನಲ್ಲಿ ನಾನು ಹಟ ಹಿಡಿಯುವುದು ಸೈಕಲ್ ಸಂಖ್ಯೆಯ ಬಗ್ಗೆ. 35 ಸೈಕಲ್ ಓಡಿಸಿದರೆ ಬ್ಯಾಂಡುಗಳು ಹೊಳೆಯುತ್ತವೆ, ಆದರೆ ಅನುಪಾತ ಕೆಟ್ಟಿರುತ್ತದೆ. ಯಾವುದೇ ಹೊಸ ಕೋಶಕ್ಕೆ ಮೊದಲು 22, 24, 26, 28, 30 ಸೈಕಲುಗಳಲ್ಲಿ ಕೊಳವೆಗಳನ್ನು ಹೊರತೆಗೆದು ನೋಡುತ್ತೇನೆ. ಬ್ಯಾಂಡ್ ಕಣ್ಣಿಗೆ ಸ್ಪಷ್ಟವಾಗಿ ಕಾಣುವ, ಆದರೆ ಇನ್ನೂ ಏರುತ್ತಲೇ ಇರುವ ಹಂತವೇ ಸರಿಯಾದದ್ದು. ಫೈಬ್ರೋಬ್ಲಾಸ್ಟ್‌ಗಳಲ್ಲಿ ಅದು ಸಾಮಾನ್ಯವಾಗಿ 26ರ ಆಸುಪಾಸು ಬರುತ್ತದೆ.

ಸೈಕಲ್ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರೈಮರ್ ಕಡಿಮೆಯಾಗುತ್ತಾ ಬಂದಂತೆ, ಬೇರ್ಪಟ್ಟ ಎಳೆಗಳು ಪ್ರೈಮರನ್ನು ಬಿಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪೂರ್ಣ ಎಳೆ, ಎಕ್ಸಾನ್ 7 ಇಲ್ಲದ ಎಳೆಗೆ ಅಂಟಿದರೆ ನಡುವೆ 54 ಅಕ್ಷರಗಳ ಕುಣಿಕೆ ಉಳಿಯುತ್ತದೆ. ಅಂಥ ಜೋಡಿ ಅಕ್ರಿಲಮೈಡ್ ಜೆಲ್‌ನಲ್ಲಿ ನಿಧಾನವಾಗಿ ಓಡಿ, ಪೂರ್ಣ ಬ್ಯಾಂಡಿಗಿಂತ ಮೇಲೆ ಮೂರನೇ ಬ್ಯಾಂಡಾಗಿ ಕಾಣುತ್ತದೆ. ಅದನ್ನು ಹೊಸ ಐಸೋಫಾರ್ಮ್ (ಅದೇ ಜೀನಿನ ಬೇರೊಂದು ರೂಪದ ಎಂಆರ್‌ಎನ್‌ಎ) ಎಂದುಕೊಳ್ಳಬೇಡಿ. ಉತ್ಪನ್ನವನ್ನು ಹತ್ತು ಪಟ್ಟು ತಿಳಿ ಮಾಡಿ, ಹೊಸ ಪ್ರೈಮರ್ ಮತ್ತು ಹೊಸ ಮಿಶ್ರಣದಲ್ಲಿ ಇನ್ನು ಎರಡು ಮೂರು ಸೈಕಲ್ ಮಾತ್ರ ಓಡಿಸಿ. ಬ್ಯಾಂಡ್ ಮಾಯವಾದರೆ ಅದು ಹೆಟೆರೋಡುಪ್ಲೆಕ್ಸ್, ಅಂದರೆ ಇಂಥ ಬೆರಕೆ ಜೋಡಿ.

ಎರಡೂ ಜೀನುಗಳಿರುವ ಕೋಶಗಳಲ್ಲಿ, ಅಂದರೆ ವಾಹಕರ ಕೋಶ, ಹೆಚ್‌ಇಕೆ293 ಎಂಬ ಪ್ರಯೋಗಾಲಯದ ಮಾನವ ಕೋಶ ಮೊದಲಾದವುಗಳಲ್ಲಿ, ಈ ತೊಂದರೆ ಇನ್ನೂ ದೊಡ್ಡದು. ಯಾವ ಎಂಆರ್‌ಎನ್‌ಎ ಯಾವ ಜೀನಿನದು ಎಂದು ಬೇರ್ಪಡಿಸಲು ಡಿಎನ್‌ಎಯನ್ನು ನಿರ್ದಿಷ್ಟ ತಾಣದಲ್ಲಿ ಕತ್ತರಿಸುವ ಡಿಡಿಇ-ಒನ್ ಕಿಣ್ವ ಬೇಕು. ಎಸ್‌ಎಂಎನ್2ರ ಎಕ್ಸಾನ್ 8ರಲ್ಲಿರುವ ಒಂದಕ್ಷರದ ವ್ಯತ್ಯಾಸದಿಂದ ಅಲ್ಲಿ ಈ ಕಿಣ್ವದ ತಾಣ ಹುಟ್ಟಿದೆ, ಎಸ್‌ಎಂಎನ್1ರಲ್ಲಿ ಅದಿಲ್ಲ. ಕತ್ತರಿಸಿದ ಮೇಲೆ ಎಸ್‌ಎಂಎನ್2ರ ತುಣುಕುಗಳು ಸುಮಾರು 382 ಮತ್ತು 328ಕ್ಕೆ ಇಳಿಯುತ್ತವೆ, ಎಸ್‌ಎಂಎನ್1 ಮೇಲೆಯೇ ನಿಲ್ಲುತ್ತದೆ. 10 ಮೈಕ್ರೋಲೀಟರ್ ಉತ್ಪನ್ನಕ್ಕೆ 10 ಯೂನಿಟ್ ಕಿಣ್ವ, ಒಟ್ಟು 20 ಮೈಕ್ರೋಲೀಟರ್, 37 ಡಿಗ್ರಿಯಲ್ಲಿ ಎರಡು ಗಂಟೆ.

ಈಗ ಲೆಕ್ಕ ನೋಡಿ. ಎಸ್‌ಎಂಎನ್1ರ ಒಂದು ಎಳೆ, ಎಸ್‌ಎಂಎನ್2ರ ಒಂದು ಎಳೆ ಸೇರಿದ ಜೋಡಿಯಲ್ಲಿ ತಾಣದ ಜಾಗದಲ್ಲಿ ಅಕ್ಷರ ಹೊಂದುವುದಿಲ್ಲ, ಕಿಣ್ವ ಕತ್ತರಿಸುವುದಿಲ್ಲ. ಎರಡೂ ಅರ್ಧರ್ಧ ಇದ್ದು, ಎಳೆಗಳು ಪೂರ್ತಿ ಬೆರೆತು ಮತ್ತೆ ಜೋಡಿಯಾದರೆ ಎಸ್‌ಎಂಎನ್2ರ ಎರಡೂ ಎಳೆ ಸೇರುವ ಸಂಭವ 25 ಶೇಕಡಾ ಮಾತ್ರ. ಉಳಿದ 75 ಕತ್ತರಿಸದೆ ನಿಂತು, ಎಲ್ಲವೂ ಎಸ್‌ಎಂಎನ್1 ಎಂಬಂತೆ ಕಾಣುತ್ತದೆ. ಕಿಣ್ವ ಎಷ್ಟು ಸುರಿದರೂ ಇದು ಸರಿಹೋಗುವುದಿಲ್ಲ. ಇಲ್ಲಿ ಜಿಎಂ03813 ನೆರವಿಗೆ ಬರುತ್ತದೆ. ಅದರಲ್ಲಿ ಇರುವುದೆಲ್ಲ ಎಸ್‌ಎಂಎನ್2, ಆದ್ದರಿಂದ ಪೂರ್ತಿ ಕತ್ತರಿಸಲೇಬೇಕು. ಅದರಲ್ಲೂ ಮೇಲಿನ ಬ್ಯಾಂಡ್ ಉಳಿದಿದ್ದರೆ ಕಿಣ್ವದ ದೋಷ. ಅದು ಪೂರ್ತಿ ಕತ್ತರಿಸಿ, ವಾಹಕಿಯ ಮಾದರಿಯಲ್ಲಿ ಮಾತ್ರ ಎಸ್‌ಎಂಎನ್1 ಲೆಕ್ಕಕ್ಕಿಂತ ಜಾಸ್ತಿ ಕಂಡರೆ ಹೆಟೆರೋಡುಪ್ಲೆಕ್ಸನ್ನು ಶಂಕಿಸಿ. ಈ ಕೊಳವೆ ಇಲ್ಲದೆ ನಾನು ಡಿಡಿಇ-ಒನ್ ಜೆಲ್ ಓಡಿಸುವುದಿಲ್ಲ. ಒಂದು ಎಚ್ಚರಿಕೆ: ಕತ್ತರಿಸುವ ತಾಣ ಇರುವುದು ಎಕ್ಸಾನ್ 8ರಲ್ಲಿ, ಕೆಲಸ ಕೆಡಿಸುವ ಟಿ ಇರುವುದು ಎಕ್ಸಾನ್ 7ರಲ್ಲಿ. ಎರಡು ಜೀನುಗಳ ಭಾಗಗಳು ಬೆರೆತ ಹೈಬ್ರಿಡ್ ಜೀನುಗಳೂ ಜನರಲ್ಲಿವೆ. ಹೊಸ ರೋಗಿಯ ಮಾದರಿಯಾದರೆ ಎಕ್ಸಾನ್ 7ನ್ನು ಸ್ಯಾಂಗರ್ ವಿಧಾನದಲ್ಲಿ ಓದಿಸಿ ನೋಡಿ.

ಜೆಲ್‌ಗೆ 8 ಶೇಕಡಾ ಅಕ್ರಿಲಮೈಡ್ ಉತ್ತಮ. 3 ಶೇಕಡಾ ಅಗರೋಸ್‌ನಲ್ಲೂ 54 ಅಕ್ಷರದ ಅಂತರ ಕಾಣುತ್ತದೆ, ನಿಧಾನವಾಗಿ ಓಡಿಸಬೇಕು ಅಷ್ಟೆ. ಚಿತ್ರ ತೆಗೆಯುವಾಗ ಯಾವ ಬ್ಯಾಂಡೂ ಕ್ಯಾಮೆರಾದ ಮಿತಿ ಮೀರಿ ಬೆಳಗಿರಬಾರದು.

ಬಣ್ಣ ಡಿಎನ್‌ಎ ಉದ್ದಕ್ಕೆ ತಕ್ಕಂತೆ ಅಂಟುತ್ತದೆ, ಹಾಗಾಗಿ ಉದ್ದದ ತುಣುಕು ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ. ಉದಾಹರಣೆಗೆ 382ರ ಬ್ಯಾಂಡಿನ ತೀವ್ರತೆ 30, 328ರದ್ದು 70 ಇದೆ ಎನ್ನಿ. ನೇರವಾಗಿ ನೋಡಿದರೆ 30 ಶೇಕಡಾ. 30ನ್ನು 382ರಿಂದ ಭಾಗಿಸಿದರೆ 0.0785, 70ನ್ನು 328ರಿಂದ ಭಾಗಿಸಿದರೆ 0.2134. ಆಗ ಉತ್ತರ 26.9 ಶೇಕಡಾ. ಪಿಸಿಆರ್ ಚಿಕ್ಕ ತುಣುಕಿನ ಕಡೆ ವಾಲುವುದು ಇದರಿಂದ ಸರಿಹೋಗುವುದಿಲ್ಲ. ಅದಕ್ಕೆ ಎರಡೂ ತುಣುಕುಗಳನ್ನು ಪ್ಲಾಸ್ಮಿಡ್‌ಗೆ ಸೇರಿಸಿಟ್ಟುಕೊಂಡು 10:90, 25:75, 50:50, 75:25 ಹೀಗೆ ಬೆರೆಸಿ, ಅದೇ ಸೈಕಲ್ ಸಂಖ್ಯೆಯಲ್ಲಿ ಓಡಿಸಿ, ಬಂದ ವಕ್ರರೇಖೆಯಿಂದ ತಿದ್ದುತ್ತೇನೆ. ಒಮ್ಮೆ ಮಾಡಿಟ್ಟ ಪ್ಲಾಸ್ಮಿಡ್ ವರ್ಷಗಟ್ಟಲೆ ಬರುತ್ತದೆ.

ದೋಷವಿರುವ ಎಂಆರ್‌ಎನ್‌ಎಯನ್ನು ಕೋಶ ನಾಶಮಾಡುವ ವ್ಯವಸ್ಥೆಗೆ ಎನ್‌ಎಂಡಿ ಎನ್ನುತ್ತಾರೆ. ಅದನ್ನು ತಡೆಯಲು ಬೇರೆ ಸ್ಪ್ಲೈಸಿಂಗ್ ಅಧ್ಯಯನಗಳಲ್ಲಿ ಬೇಕಾಗುವ ಸೈಕ್ಲೋಹೆಕ್ಸಿಮೈಡ್ ಇಲ್ಲಿ ಬೇಡ. ಎಕ್ಸಾನ್ 7 ಬಿಟ್ಟುಹೋದಾಗ ಸ್ಟಾಪ್ ಸಂಕೇತ ಕೊನೆಯ ಎಕ್ಸಾನಾದ 8ರಲ್ಲೇ ಬೀಳುತ್ತದೆ, ಅದನ್ನು ಎನ್‌ಎಂಡಿ ಹಿಡಿದು ನಾಶಮಾಡುವುದಿಲ್ಲ. ನಾಶವಾಗುವುದು ಪ್ರೋಟೀನ್. ಕೊನೆಯ 16 ಅಮೈನೋ ಆಮ್ಲಗಳ ಜಾಗದಲ್ಲಿ ಎಕ್ಸಾನ್ 8ರ ನಾಲ್ಕು ಸೇರಿ, ಆ 282 ಅಮೈನೋ ಆಮ್ಲಗಳ ಪ್ರೋಟೀನ್ ಬೇಗ ಕೊಳೆಯುತ್ತದೆ.

ಅನುಪಾತ ಏರಿದೆ ಎಂದ ಮಾತ್ರಕ್ಕೆ ಪ್ರೋಟೀನ್ ಏರಿದೆ ಎನ್ನಲಾಗದು. ಒಟ್ಟು ಎಂಆರ್‌ಎನ್‌ಎ ಇಳಿದಿದ್ದರೂ ಅನುಪಾತ ಚೆನ್ನಾಗಿ ಕಾಣಬಹುದು. ಹಾಗೆಯೇ ವಾಲ್ಪ್ರೋಯೇಟ್‌ನಂಥ ಎಚ್‌ಡಿಎಸಿ ತಡೆಕಾರಕಗಳು ಜೀನಿನ ಒಟ್ಟು ಉತ್ಪಾದನೆಯನ್ನೇ ಏರಿಸಬಲ್ಲವು. ಆದ್ದರಿಂದ ಹೋಲಿಕೆಗೆಂದು ಬಳಸುವ ಎಚ್‌ಪಿಆರ್‌ಟಿ ಜೀನಿನ ಜೊತೆ ಹೋಲಿಸಿ ಒಟ್ಟು ಎಸ್‌ಎಂಎನ್ ಅನ್ನು ಕ್ಯೂಪಿಸಿಆರ್‌ನಲ್ಲಿ (ಪ್ರಮಾಣ ಅಳೆಯುವ ಪಿಸಿಆರ್) ಬೇರೆಯಾಗಿ ಅಳೆಯುತ್ತೇನೆ. 72 ಗಂಟೆಯ ಕೋಶಗಳಿಂದ ಪ್ರೋಟೀನ್ ಅಳೆಯುವ ವೆಸ್ಟರ್ನ್ ಬ್ಲಾಟ್ ಮಾಡಿ ಎಸ್‌ಎಂಎನ್ ಪ್ರೋಟೀನಿನ 38 ಕಿಲೋಡಾಲ್ಟನ್ ಬ್ಯಾಂಡನ್ನೂ ನೋಡುತ್ತೇನೆ. ಎಂಆರ್‌ಎನ್‌ಎ 24 ಗಂಟೆಯಲ್ಲಿ ಬದಲಾದರೂ ಪ್ರೋಟೀನ್ ಅಷ್ಟು ಬೇಗ ತುಂಬಿಕೊಳ್ಳುವುದಿಲ್ಲ, ಎರಡಕ್ಕೂ ಒಂದೇ ಹೊತ್ತಿನ ಮಾದರಿ ತೆಗೆದರೆ ಹೊಂದುವುದಿಲ್ಲ.