ಗೇಮ್‌ನಲ್ಲಿ ಬೇಡದ ಭಾಷೆಯ ದನಿ ತೆಗೆಯುವುದು ಹೇಗೆ?

ಹೊಸ ಗೇಮ್ ಹಾಕಿಕೊಳ್ಳಲು ಹೋದರೆ ಡಿಸ್ಕ್‌ನಲ್ಲಿ ಜಾಗವೇ ಇಲ್ಲ. ಆಗ ಎಲ್ಲರೂ ಮೊದಲು ಕೈ ಹಾಕುವುದು ಫೋಟೊ, ವಿಡಿಯೊಗಳಿಗೆ. ಅದಕ್ಕೂ ಮುಂಚೆ ಈಗಾಗಲೇ ಇರುವ ಗೇಮ್‌ಗಳ ಒಳಗೊಮ್ಮೆ ಇಣುಕಿ. ನೀವು ಒಮ್ಮೆಯೂ ಕೇಳದ ಭಾಷೆಯ ಮಾತುಗಳು ಅಲ್ಲಿ ಸುಮ್ನೆ ಕೂತಿರಬಹುದು.

ದನಿ ಫೈಲ್ ಅಷ್ಟೊಂದು ಜಾಗ ತಿನ್ನುತ್ತದಾ? ಲೆಕ್ಕ ಹಾಕಿ ನೋಡೋಣ. 48 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ ಮೋನೊ (ಒಂದೇ ಚಾನೆಲ್‌ನ) ದನಿ, ಕಂಪ್ರೆಸ್ ಮಾಡದಿದ್ದರೆ, ಅಂದರೆ ಕುಗ್ಗಿಸದಿದ್ದರೆ, ಗಂಟೆಗೆ ಸುಮಾರು 345 ಎಂಬಿ ಆಗುತ್ತದೆ. 64 ಕೆಬಿಪಿಎಸ್‌ಗೆ (ಸೆಕೆಂಡಿಗೆ 64 ಕಿಲೋಬಿಟ್) ಕಂಪ್ರೆಸ್ ಮಾಡಿದರೆ ಅದೇ ಮಾತು 29 ಎಂಬಿಗೆ ಇಳಿಯುತ್ತದೆ. ಆದರೆ ದೊಡ್ಡ ಕಥೆಯ ಗೇಮ್‌ಗಳಲ್ಲಿ ಹತ್ತಾರು ಗಂಟೆ ಮಾತಿರುತ್ತದೆ. ಅದನ್ನು ನಾಲ್ಕೈದು ಭಾಷೆಗಳಿಂದ ಗುಣಿಸಿ! 2014ರಲ್ಲಿ ಪಿಸಿಗೆ ಬಂದ ‘ಟೈಟನ್‌ಫಾಲ್’ ಸುಮಾರು 48 ಜಿಬಿ ಇತ್ತು. ಅದರಲ್ಲಿ 35 ಜಿಬಿ ಬರೀ ಆಡಿಯೊ. ಕುಗ್ಗಿಸಿದ ದನಿಯನ್ನು ಬಿಚ್ಚುವ ಕೆಲಸ ಶಕ್ತಿ ಕಡಿಮೆ ಇರುವ ಪ್ರೊಸೆಸರ್‌ಗಳಿಗೆ ಹೊರೆಯಾಗಬಾರದು ಎಂದು ಅದನ್ನು ಕಂಪ್ರೆಸ್ ಮಾಡದೆ ಹಾಗೇ ಬಿಟ್ಟಿದ್ದರು.

ಮೊದಲ ಹೆಜ್ಜೆ, ಗೇಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಯ ಪುಟ ತೆರೆಯಿರಿ. ಅಕ್ಷರದ ಭಾಷೆ, ದನಿಯ ಭಾಷೆ ಎರಡೂ ಬೇರೆ ಬೇರೆ ಇವೆಯಾ ನೋಡಿ. ಅಕ್ಷರದ ತಂಟೆಗೆ ಹೋಗಬೇಡಿ, ಅದು ತಿನ್ನುವ ಜಾಗ ತೀರಾ ಕಡಿಮೆ. ನಮಗೆ ಬೇಕಿರುವುದು ದನಿ. ಮೂಲ ಭಾಷೆಯ ದನಿ ಕೇಳುತ್ತಾ, ಓದಲು ಬರುವ ಭಾಷೆಯಲ್ಲಿ ಸಬ್‌ಟೈಟಲ್ ಹಾಕಿಕೊಂಡು ಆಡುವುದು ನನಗಂತೂ ತುಂಬಾ ಇಷ್ಟ. ನಟರ ಉಸಿರು, ನಡುಕ ಎಲ್ಲ ಸಿಗುತ್ತದೆ.

ಬೇಕಾದ ದನಿಯನ್ನು ಮೊದಲು ಇಳಿಸಿಕೊಂಡು, ಅದಕ್ಕೆ ಬದಲಾಯಿಸಿ, ಗೇಮ್ ಮುಚ್ಚಿ ಮತ್ತೆ ತೆರೆಯಿರಿ. ಹಳೆಯದನ್ನು ತೆಗೆಯುವುದು ಆಮೇಲೆ. ಈ ಕ್ರಮ ತಪ್ಪಿಸಬೇಡಿ.

ತೆಗೆಯುವ ಜಾಗ ಒಂದೊಂದು ಕಡೆ ಒಂದೊಂದು ಥರ. ‘ಗೆನ್‌ಶಿನ್ ಇಂಪ್ಯಾಕ್ಟ್‌’ನಲ್ಲಿ ಚೀನೀ, ಇಂಗ್ಲಿಷ್, ಜಪಾನಿ, ಕೊರಿಯನ್ ಎಂದು ನಾಲ್ಕು ದನಿಗಳಿವೆ. ಅಲ್ಲಿ ಭಾಷೆಯ ಸೆಟ್ಟಿಂಗ್ಸ್‌ನಲ್ಲೇ ದನಿ ಫೈಲ್‌ಗಳನ್ನು ನಿರ್ವಹಿಸುವ ಆಯ್ಕೆ ಸಿಗುತ್ತದೆ. ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಾದರೆ ಗೇಮ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಭಾಷೆ ಬದಲಿಸಿ. ಬೇಕಾದ ಫೈಲ್‌ಗಳನ್ನು ಅದೇ ಇಳಿಸಿಕೊಳ್ಳುತ್ತದೆ. ಕೆಲವು ಗೇಮ್‌ಗಳು ದನಿಯನ್ನು ಉಚಿತ ಡಿಎಲ್‌ಸಿಯಾಗಿ, ಅಂದರೆ ಗೇಮ್‌ಗೆ ಬೇರೆಯಾಗಿ ಇಳಿಸಿಕೊಳ್ಳುವ ಹೆಚ್ಚುವರಿ ಭಾಗವಾಗಿ, ಕೊಡುತ್ತವೆ. ಅಂಥ ಕಡೆ ಡಿಎಲ್‌ಸಿ ಪಟ್ಟಿಯಲ್ಲಿ ಟಿಕ್ ತೆಗೆದರೆ ಸಾಕು. ಪ್ಲೇಸ್ಟೇಷನ್ 5ರಲ್ಲಿ ಗೇಮ್‌ನ ಮೇಲೆ ನಿಂತು ಆಪ್ಷನ್ಸ್ ಬಟನ್ ಒತ್ತಿ, ಮ್ಯಾನೇಜ್ ಗೇಮ್ ಕಂಟೆಂಟ್‌ಗೆ ಹೋಗಿ, ದನಿ ಅಲ್ಲಿ ಬೇರೆಯಾಗಿ ಕಂಡರೆ ಬೇಡದ್ದನ್ನು ತೆಗೆಯಿರಿ.

ಫೋಲ್ಡರ್ ತೆರೆದು ಕೈಯಾರೆ ಡಿಲೀಟ್ ಮಾಡುವ ಕೆಲಸ ಮಾತ್ರ ಬೇಡ. ನಾನು ಒಮ್ಮೆ ಹಾಗೆ ಮಾಡಿದ್ದೆ. ಭಾಷೆಯ ಹೆಸರಿನ ಫೋಲ್ಡರ್ ಕಂಡಿತು, ಅಳಿಸಿದೆ. ಗೇಮ್ ಶುರುವಾಯಿತು. ಮಳೆಯ ಸದ್ದು ಇತ್ತು, ಹೆಜ್ಜೆಯ ಸದ್ದು ಇತ್ತು. ತಾಯಿ ಮಗನನ್ನು ಬೀಳ್ಕೊಡುವ ದೃಶ್ಯದಲ್ಲಿ ತುಟಿ ಅಲುಗಾಡುತ್ತಿದೆ, ಮಾತೇ ಇಲ್ಲ. ಸಬ್‌ಟೈಟಲ್ ಸರಸರ ಓಡಿಹೋಯಿತು. ಇಡೀ ಕಥೆಯಲ್ಲಿ ನಾನು ಕಾದಿದ್ದ ದೃಶ್ಯ ಅದು. ಆ ಫೋಲ್ಡರ್‌ನಲ್ಲಿ ನಾನು ಕೇಳುತ್ತಿದ್ದ ದನಿಯ ಒಂದು ಭಾಗವೂ ಇತ್ತು ಎಂದು ಆಮೇಲೆ ಗೊತ್ತಾಯಿತು. ಅಷ್ಟೇ ಅಲ್ಲ, ಕೈಯಾರೆ ಅಳಿಸಿದ್ದನ್ನು ಲಾಂಚರ್ (ಗೇಮ್ ಇಳಿಸಿ, ತೆರೆಯುವ ಆ್ಯಪ್) ‘ಕಾಣೆಯಾಗಿದೆ’ ಎಂದು ತಿಳಿದು, ಮುಂದಿನ ಸಲ ಫೈಲ್ ಪರಿಶೀಲಿಸುವಾಗ ಪೂರ್ತಿ ಮತ್ತೆ ಇಳಿಸಿಬಿಡುತ್ತದೆ. ಡೇಟಾನೂ ಹೋಯಿತು, ಜಾಗಾನೂ ಹೋಯಿತು.

ಇನ್ನೊಂದು ಲಾಭ ಅಪ್‌ಡೇಟ್ ಬಂದಾಗ ಕಾಣುತ್ತದೆ. ನಾಲ್ಕು ದನಿ ಇಟ್ಟುಕೊಂಡಿದ್ದರೆ ಸಾಮಾನ್ಯವಾಗಿ ನಾಲ್ಕಕ್ಕೂ ಹೊಸ ಫೈಲ್ ಇಳಿಯುತ್ತದೆ. ಒಂದೇ ಇದ್ದರೆ ಒಂದೇ. ನಿಮ್ಮ ಸೇವ್ ಏನಾಗುತ್ತದೋ ಎಂಬ ಭಯ ಬೇಡ. ಆಟ ಎಲ್ಲಿಗೆ ಬಂದಿದೆ ಎಂಬ ದಾಖಲೆ ದನಿ ಫೈಲ್‌ನಲ್ಲಿ ಇರುವುದಿಲ್ಲ.

ಎಲ್ಲ ಮುಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮಾತಿರುವ ಒಂದು ದೃಶ್ಯ ನೋಡಿ. ಹಾದಿಯಲ್ಲಿ ಸಿಗುವ ಸಣ್ಣ ಪಾತ್ರವನ್ನೂ ಮಾತಾಡಿಸಿ. ಎಲ್ಲಾದರೂ ಮೌನ ಕಂಡರೆ ಲಾಂಚರ್‌ನಲ್ಲಿ ಫೈಲ್ ಪರಿಶೀಲಿಸುವ ಬಟನ್ ಒತ್ತಿ. ಸ್ಟೀಮ್‌ನಲ್ಲಿ ಅದು ಪ್ರಾಪರ್ಟೀಸ್‌ನ ಇನ್‌ಸ್ಟಾಲ್ಡ್ ಫೈಲ್ಸ್ ಒಳಗಿದೆ. ಕಾಣೆಯಾದಷ್ಟನ್ನು ಮಾತ್ರ ಅದು ತಂದು ಕೂರಿಸುತ್ತದೆ.