ಸ್ಪ್ರೇಯರ್ ಎತ್ತಿಡುವ ಮುನ್ನ

ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್‌ಗಳು ಹೆಚ್ಚಾಗಿ ಕೆಡುವುದು ಕೊಟ್ಟಿಗೆಯಲ್ಲಿ ಸುಮ್ಮನೆ ಕೂತ ತಿಂಗಳುಗಳಲ್ಲಿ. ಉಳಿದ ಔಷಧಿ ಪೈಪಿನೊಳಗೆ ಒಣಗುತ್ತದೆ, ವಾಷರ್ ಬಿರಿಯುತ್ತದೆ, ಬ್ಯಾಟರಿ ಸಾಯುತ್ತದೆ.

ತೊಳೆಯುವ ಕೆಲಸ ಅದೇ ದಿನ ಸಂಜೆ ಆಗಬೇಕು, ಕೈಗವಸು ಹಾಕಿಕೊಂಡೇ. 16 ಲೀಟರ್ ಟ್ಯಾಂಕಿಗೆ ಎರಡು–ಮೂರು ಲೀಟರ್ ನೀರು ಹಾಕಿ ಚೆನ್ನಾಗಿ ಕುಲುಕಿ, ಮೋಟಾರ್ ಓಡಿಸಿ ನಾಜಲ್ ಮೂಲಕವೇ ಹೊರಬಿಡಿ. ಹೀಗೆ ಮೂರು ಸಲ. ಟ್ಯಾಂಕನ್ನು ಬರೀ ಬಗ್ಗಿಸಿ ಚೆಲ್ಲಿದರೆ ಪೈಪು, ಪಂಪಿನೊಳಗಿನದು ಹಾಗೇ ಉಳಿಯುತ್ತದೆ. ತೊಳೆದ ನೀರು ಔಷಧಿ ಹೊಡೆದ ಹೊಲಕ್ಕೇ ಹೋಗಲಿ. ಬಾವಿ, ಕಾಲುವೆ, ಕೆರೆಯ ಹತ್ತಿರ ಬೇಡವೇ ಬೇಡ.

2,4-ಡಿಯಂಥ ಕಳೆನಾಶಕ ಬಳಸಿದ್ದರೆ ಇಷ್ಟು ಸಾಲದು. 10 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಟ್ಯಾಂಕಿಗೆ ತುಂಬಿ, ಸ್ವಲ್ಪ ಪೈಪಿಗೂ ಹರಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೆ ಎರಡು ಸಲ ತೊಳೆಯಿರಿ. ತಳದಲ್ಲಿ ಉಳಿದ ಅಲ್ಪಸ್ವಲ್ಪವೇ ಹತ್ತಿ, ಟೊಮೆಟೊ, ದ್ರಾಕ್ಷಿ ಎಲೆಗಳನ್ನು ಮುರುಟಿಸಿಬಿಡುತ್ತದೆ. ಕಳೆನಾಶಕಕ್ಕೆಂದೇ ಬೇರೆ ಸ್ಪ್ರೇಯರ್ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ.

ಆಮೇಲೆ ನಾಜಲ್ ಮತ್ತು ಜಾಲರಿಗಳನ್ನು ಬಿಚ್ಚಿ ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಸೂಜಿ, ತಂತಿ ಚುಚ್ಚಿದರೆ ತೂತು ಹಿಗ್ಗಿ ಹನಿ ದಪ್ಪವಾಗುತ್ತದೆ. ಬಾಯಿಂದ ಊದುವುದಂತೂ ವಿಷವನ್ನು ತುಟಿಗೆ ತಂದುಕೊಂಡಂತೆಯೇ. ವಾಷರ್‌ಗಳಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಡೀಸೆಲ್, ಇಂಜಿನ್ ಆಯಿಲ್ ತಾಗಿದರೆ ರಬ್ಬರ್ ಉಬ್ಬುತ್ತದೆ.

ಟ್ಯಾಂಕನ್ನು ಮುಚ್ಚಳ ತೆಗೆದು ಬೋರಲು ಹಾಕಿ ಒಣಗಿಸಿ, ಪೈಪನ್ನು ಮಡಚದೆ ದೊಡ್ಡ ಸುರುಳಿ ಮಾಡಿ ತೂಗುಹಾಕಿ. ಬಿಸಿಲು, ಇಲಿ, ಮಕ್ಕಳ ಕೈ ಮೂರರಿಂದಲೂ ದೂರವಿರಲಿ.

12 ವೋಲ್ಟ್‌ನ ಸೀಸದ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಯೇ ಇಡಬೇಕು, ತಿಂಗಳಿಗೊಮ್ಮೆ ಮತ್ತೆ ಚಾರ್ಜಿಗೆ ಹಾಕಬೇಕು. ಖಾಲಿ ಇಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಮುಂದೆ ಎಷ್ಟು ಹೊತ್ತು ಚಾರ್ಜ್ ಮಾಡಿದರೂ ನಾಲ್ಕು ಟ್ಯಾಂಕ್ ಹೊಡೆಯುವಷ್ಟರಲ್ಲಿ ಕೈಕೊಡುತ್ತದೆ.

ಹಂಗಾಮು ಶುರುವಾದಾಗ ಮೊದಲು ಬರೀ ನೀರು ತುಂಬಿ ಸೋರಿಕೆ ನೋಡಿ. ಜೊತೆಗೆ ನಾಜಲ್‌ನಿಂದ ಒಂದು ನಿಮಿಷದಲ್ಲಿ ಬೀಳುವ ನೀರನ್ನು ಅಳತೆ ಜಗ್ಗಿನಲ್ಲಿ ಹಿಡಿಯಿರಿ. ಹೊಸ ನಾಜಲ್ ಕೊಡುತ್ತಿದ್ದುದಕ್ಕಿಂತ ಶೇ 10ರಷ್ಟು ಹೆಚ್ಚು ಬಿದ್ದರೆ ತೂತು ಸವೆದಿದೆ, ಬದಲಿಸಿ.