ಆನೆಯ ಫೋಟೊ ಅಂದುಕೊಂಡಿದ್ದೆ

ದಕ್ಷಿಣ ಕೊಡಗಿನ ಕಾಫಿ ತೋಟದ ಲೈನ್ ಮನೆಗಳು, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳು. ಅಲ್ಲಿ 14ರಿಂದ 19 ವಯಸ್ಸಿನವರ ದಿನ ಹೇಗೆ ಕಳೆಯುತ್ತದೆ ಅಂತ ತಿಳಿಯುವುದು ನನ್ನ ಸಂಶೋಧನೆಯ ಕೆಲಸವಾಗಿತ್ತು. ಮೊದಲು ಪ್ರಶ್ನಾವಳಿ ಹಿಡಿದು ಹೋದೆ. "ಬಿಡುವಿದ್ದಾಗ ಏನು ಮಾಡ್ತೀರಿ?" "ಓದ್ತೀವಿ ಮೇಡಂ." ಎಲ್ಲರೂ ಓದುವವರೇ! ಬಾಗಿಲಲ್ಲಿ ಅಮ್ಮ ನಿಂತಿರುವಾಗ ಪಾಪ ಇನ್ನೇನು ಹೇಳಿಯಾರು? ಕಾಫಿ ಕುಯ್ಲು ಶುರುವಾದ ಮೇಲಂತೂ ಹಗಲಲ್ಲಿ ಲೈನ್ ಖಾಲಿ. ರಜೆ ದಿನ ಅಮ್ಮನ ಜೊತೆ ಹಣ್ಣು ಕುಯ್ಯಲು ಹೋಗುವವರೂ ಇದ್ದರು.

ಹಾಳೆ ಚೀಲಕ್ಕೆ ಹಾಕಿ, ಸಂಜೆ ಬಸ್ ಇಳಿಯುವಲ್ಲಿ ಕಾದು, ಅವರ ಜೊತೆ ಮನೆ ತನಕ ನಡೆಯತೊಡಗಿದೆ. ಪಕ್ಕಪಕ್ಕ ನಡೆಯುವಾಗ ಮುಖ ನೋಡಬೇಕಾಗಿಲ್ಲ, ಮಾತು ತಾನಾಗಿ ಬರುತ್ತದೆ. ಗೆಳತಿಯ ಜೊತೆ ಮಲಯಾಳ, ಅಜ್ಜಿಗೆ ಫೋನಿನಲ್ಲಿ ಎರವ ಬುಡಕಟ್ಟಿನ ಭಾಷೆ, ನನಗೆ ಮಾತ್ರ ಪಾಠಪುಸ್ತಕದ ಕನ್ನಡ! ನಾಲ್ಕನೇ ಸಂಜೆಗೆ ಮೇಡಂ ಹೋಗಿ ಅಕ್ಕ ಆದೆ. ರೆಕಾರ್ಡರ್ ಹಿಡಿಯಲಿಲ್ಲ. ಆ ದಾರಿಯಲ್ಲಿ ಆನೆ ಇದೆಯಾ ಅಂತ ಕಿವಿ ತೆರೆದಿಟ್ಟೇ ನಡೆಯಬೇಕು. ವಾಪಸ್ ಬಂದು ಬಸ್ ತಂಗುದಾಣದಲ್ಲಿ ಕೂತು ನೆನಪಿದ್ದಷ್ಟು ಬರೆದುಕೊಳ್ಳುತ್ತಿದ್ದೆ.

ಆಮೇಲೆ ಫೋಟೊವಾಯ್ಸ್. 1990ರ ದಶಕದಲ್ಲಿ ಕೆರೊಲಿನ್ ವಾಂಗ್ ಮತ್ತು ಮೇರಿ ಆನ್ ಬರ್ರಿಸ್ ಚೀನಾದ ಯುನ್ನಾನ್‌ನ ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು ರೂಪಿಸಿದ ವಿಧಾನ ಇದು. ಫೋಟೊ ತೆಗೆಯುವವರೂ ಅವರೇ, ಅದರ ಅರ್ಥ ಹೇಳುವವರೂ ಅವರೇ. ನಾನು ಕ್ಯಾಮೆರಾ ಕೊಡಲಿಲ್ಲ, ಮನೆಯ ಮೊಬೈಲ್ ಸಾಕಾಯಿತು. ಎಷ್ಟೋ ಮನೆಯಲ್ಲಿ ಒಂದೇ ಮೊಬೈಲ್. ಅದು ತಮ್ಮನ ಕೈಗೆ ಯಾವಾಗ ಹೋಗುತ್ತೆ, ಅಕ್ಕನಿಗೆ ಯಾವಾಗ ಸಿಗುತ್ತೆ ಅನ್ನುವುದರಲ್ಲೇ ಅರ್ಧ ಸಂಶೋಧನೆ ಇತ್ತು. ಕೇಳದೆ ಯಾರ ಮುಖವನ್ನೂ ತೆಗೆಯಬಾರದು, ವಾರದ ಕೊನೆಗೆ ಐದೇ ಫೋಟೊ ಆರಿಸಿ ತರಬೇಕು ಅಂದೆ. "ಇದೇನು?" ಅಂತ ಕೇಳಿದರೆ "ರೋಡು" ಅನ್ನುತ್ತಾರೆ. "ಅಷ್ಟರಲ್ಲಿ ಇದನ್ನೇ ಯಾಕೆ ಆರಿಸಿದೆ?" ಅಂತ ಕೇಳಬೇಕು. ಇದು ಕಲಿಯಲು ನನಗೆ ಎರಡು ವಾರ ಬೇಕಾಯಿತು.

ಹದಿನಾರರ ಹುಡುಗಿಯೊಬ್ಬಳು ಕತ್ತಲಾಗುವ ಹೊತ್ತಿನ ಖಾಲಿ ರಸ್ತೆ ತಂದಿದ್ದಳು. ಅಂಚಿನಲ್ಲಿ ಆನೆ ಲದ್ದಿ. ಕೇಳುವ ಮೊದಲೇ ನಾನು 'ಕಾಡಾನೆ ಭಯ' ಅಂತ ಬರೆದೂ ಆಗಿತ್ತು. ಅವಳು ನಕ್ಕಳು. "ಅಲ್ಲ ಅಕ್ಕ, ಇಲ್ಲೇ ನೆಟ್‌ವರ್ಕ್ ಸಿಗೋದು. ಇಲ್ಲಿ ಕೂತು ಮಾತಾಡಿ ಲೇಟಾದರೆ, ಆನೆ ಅಡ್ಡ ಬಂತು ಅಂತೀನಿ. ಮನೇಲಿ ಯಾರೂ ಬಯ್ಯಲ್ಲ." ಹಾಗಂತ ಆನೆಗೆ ಅವಳಿಗೆ ಹೆದರಿಕೆ ಇಲ್ಲ ಅಂತಲ್ಲ. ಹೆದರಿಕೆಯೂ ಇದೆ, ಅದರಿಂದ ಉಪಯೋಗವೂ ಇದೆ. ನನ್ನ ಟಿಪ್ಪಣಿಯಲ್ಲಿ ಎರಡನೆಯದಕ್ಕೆ ಜಾಗವೇ ಇರಲಿಲ್ಲ. ಅವತ್ತಿಂದ ಫೋಟೊ ತೆಗೆದವರು ಮಾತು ಮುಗಿಸುವ ತನಕ ಪೆನ್ನು ಮುಟ್ಟುತ್ತಿರಲಿಲ್ಲ.

ಒಪ್ಪಿಗೆಯ ವಿಷಯ. 18 ತುಂಬದವರಿಗೆ ಅಪ್ಪ ಅಮ್ಮನ ಸಹಿ ಬೇಕು, ಜೊತೆಗೆ ಮಕ್ಕಳ ಸ್ವಂತ ಒಪ್ಪಿಗೆಯೂ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. "ಏನು ಹೇಳಿದರೂ ಯಾರಿಗೂ ಹೇಳಲ್ಲ" ಅಂತ ಮಾತ್ರ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮೊದಲ ದಿನವೇ ಬಿಡಿಸಿ ಹೇಳುತ್ತಿದ್ದೆ. ಒಬ್ಬಿಬ್ಬರು ಅಲ್ಲಿಗೇ ಮಾತು ನಿಲ್ಲಿಸಿದರು. ಸುಮ್ನೆ ಬಿಡಲಿಲ್ಲ, 1098 ಮಕ್ಕಳ ಸಹಾಯವಾಣಿ ಅಂತ ಎಲ್ಲರ ಕೈಗೂ ಚೀಟಿ ಬರೆದುಕೊಟ್ಟೆ.

ಕೊನೆಗೆ ಲೈನ್ ಅಂಗಳದಲ್ಲಿ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಫೋಟೊ ನೇತುಹಾಕಿದೆವು. ಹಿಂದಿನ ದಿನ ಆ ಹುಡುಗಿ ಬಂದು ರಸ್ತೆಯದ್ದನ್ನು ಇಸ್ಕೊಂಡಳು. "ಇದು ಬೇಡ ಅಕ್ಕ, ಅಮ್ಮ ನೋಡ್ತಾರೆ." ಅದರ ಜಾಗಕ್ಕೆ ಕೋಳಿಮರಿ ಫೋಟೊ ಬಂತು. ರಸ್ತೆಯ ಕಥೆ ಬರೆಯಲಾ ಅಂತ ಕೇಳಿದ್ದಕ್ಕೆ, "ಬರೀರಿ, ಊರು ಹಾಕ್ಬೇಡಿ" ಅಂದಳು.